ಅತ್ತೆಮನೆಯಲ್ಲಿ ಆ ರೆಫ್ರಿ

ಆ ಭಾನುವಾರ ಮಧ್ಯಾಹ್ನ ಕೆಂಗೇರಿಯ ಹಳೇ ಬೀದಿಯಲ್ಲಿರುವ ಅತ್ತೆಮನೆಯ ಹಜಾರದಲ್ಲಿ ನಾವು ಐದು ಜನ ಊಟಕ್ಕೆ ಕೂತಿದ್ದೆವು. ಮಾವ ಗೋಡೆಗೆ ಒರಗಿದ್ದರು. ಅತ್ತೆ ಜಯಮ್ಮನವರು ಸಾರಿನ ಪಾತ್ರೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಬಡಿಸುತ್ತಿದ್ದರು. ಬಾಮೈದ ಉಮೇಶ ಒಂದು ಕಾಲು ಚಾಚಿ, ಊದಿದ ಮಂಡಿಯ ಮೇಲೆ ಐಸಿನ ಚೀಲ ಇಟ್ಟುಕೊಂಡಿದ್ದ. ಅವನ ಪಕ್ಕದಲ್ಲಿ ಅವನ ಅಕ್ಕ, ಅಂದರೆ ನನ್ನ ಹೆಂಡತಿ ಶೋಭಾ. ಐದನೆಯವನು ನಾನು. ಮಾತೆಲ್ಲ ಮಾತ್ರ ಆರನೆಯವನೊಬ್ಬನ ಮೇಲೆ ನಡೆದಿತ್ತು.

"ಅಲ್ಲ ಅಳಿಯಂದ್ರೆ, ಆ ರೆಫ್ರಿಗೆ ನಮ್ ಹುಡುಗ್ರನ್ನ ಕಂಡ್ರೆ ಯಾಕಂತೆ ಅಷ್ಟು ಉರಿ?" ಎಂದರು ಅತ್ತೆ.

"ಏನೋ ಅತ್ತೆ, ಅವನ ಸ್ವಭಾವ ಇರ್ಬೇಕು," ಎಂದೆ ನಾನು, ಮುದ್ದೆ ಮುರಿಯುತ್ತ.

"ಸ್ವಭಾವ ಅಂತೆ! ನೀವು ತಗೊಳ್ಳಿ, ಕೋಳಿ ಕಾಲು ಹಾಕ್ತೀನಿ. ಅವನೇನಾದ್ರೂ ಈ ಮನೇಗೆ ಊಟಕ್ಕೆ ಬಂದಿದ್ರೆ ಕತ್ತು ಹಿಡ್ದು ಎಬ್ಬಿಸ್ತಿದ್ದೆ."

ನಾಟಿಕೋಳಿಯ ಕಾಲು ನನ್ನ ತಟ್ಟೆಗೆ ಬಿತ್ತು. ತಿಂದೆ. ನೀವು ಊಹಿಸಿಯೇ ಇರುತ್ತೀರಿ, ಆ ರೆಫ್ರಿಯೂ ನಾನೇ.

ಇದೇನು ವಿಚಿತ್ರ ಎನ್ನಬೇಡಿ. ನಮ್ಮ ಕಡೆ ಅಳಿಯನನ್ನು ಎದುರಿಗೆ ಕೂರಿಸಿಕೊಂಡು ಬಯ್ಯುವಂತಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನನ್ನ ಅತ್ತೆ ನನಗೆ ನೀರಿನ ಲೋಟವನ್ನು ಎರಡು ಕೈಯಲ್ಲಿ ಹಿಡಿದೇ ಕೊಡುತ್ತಾರೆ. ಆದರೆ ಬಯ್ಯಲೇಬೇಕಾದಷ್ಟು ಹೊಟ್ಟೆಯುರಿಯೂ ಇದೆಯಲ್ಲ, ಅದನ್ನು ಎಲ್ಲಿ ಸುರಿಯುವುದು? ಅದಕ್ಕೆ ಆ ಮನೆಯವರೆಲ್ಲ ಸೇರಿ, ಯಾರೂ ಯಾರಿಗೂ ಹೇಳದೆಯೇ, ನನ್ನನ್ನು ಎರಡು ಭಾಗ ಮಾಡಿದ್ದರು. ಹೊಸ್ತಿಲ ಒಳಗೆ ಬಂದವನು ಅಳಿಯ. ಮೈದಾನದಲ್ಲಿ ಕಪ್ಪು ಅಂಗಿ ತೊಟ್ಟು ವಿಷಲ್ ಊದುವವನು ಯಾವನೋ ರೆಫ್ರಿ. ಇವನಿಗೂ ಅವನಿಗೂ ಸಂಬಂಧವಿಲ್ಲ. ನಾನೂ ಈ ಏರ್ಪಾಟಿಗೆ ಒಗ್ಗಿಹೋಗಿ, ಒಮ್ಮೊಮ್ಮೆ ಅವರ ಜೊತೆ ಸೇರಿ ಆ ಮನುಷ್ಯನನ್ನು ಬಯ್ದದ್ದೂ ಉಂಟು. ಬಯ್ದಾಗ ಊಟ ಇನ್ನೂ ರುಚಿಯಾಗಿರುತ್ತಿತ್ತು.

ರೆಫರಿ ಆದದ್ದೂ ಒಂದು ಕತೆಯೇ. ನಾನು ಬೆಳೆದದ್ದು ಗೋವಿಂದರಾಜನಗರದ ಒಂದು ವಠಾರದಲ್ಲಿ. ಸುತ್ತ ಖಾಲಿ ಸೈಟುಗಳಿದ್ದವು. ನಾಲ್ಕು ಇಟ್ಟಿಗೆ ಇಟ್ಟರೆ ಎರಡು ಗೋಲು. ಅಲ್ಲಿ ಎಲ್ಲರೂ ಚೆಂಡು ಒದೆಯುತ್ತಿದ್ದರು. ನಾನು ಒದೆದರೆ ಮಾತ್ರ ಚೆಂಡು ಇದ್ದಲ್ಲೇ ಇದ್ದು ಚಪ್ಪಲಿ ಗೋಲಾಗುತ್ತಿತ್ತು. "ಇವನಿಗೆ ಓಡೋಕೆ ಬರುತ್ತೆ, ಒದೆಯೋಕೆ ಬರಲ್ಲ ಮಗಾ, ಇವನನ್ನ ರೆಫ್ರಿ ಮಾಡಿ," ಎಂದು ಯಾರೋ ಒಬ್ಬ ಪುಣ್ಯಾತ್ಮ ಹೇಳಿದ. ಅಂದಿನಿಂದ ಓಡುತ್ತಲೇ ಇದ್ದೇನೆ. ಮುಂದೆ ಪರೀಕ್ಷೆ ಕಟ್ಟಿ, ಹಾಳೆಯ ಮೇಲೂ ರೆಫರಿಯಾದೆ. ವಾರವಿಡೀ ಕಾರ್ಖಾನೆಯಲ್ಲಿ ಹಲ್ಲುಚಕ್ರಗಳ ಅಳತೆ ತಪ್ಪಿದೆಯೇ ಎಂದು ನೋಡುವ ಕೆಲಸ, ರಜೆಯ ದಿನ ಹುಡುಗರ ಕಾಲು ತಪ್ಪಿದೆಯೇ ಎಂದು ನೋಡುವ ಕೆಲಸ. ತಪ್ಪು ಹುಡುಕುವುದು ಬಿಟ್ಟು ಬೇರೆ ವಿದ್ಯೆ ನನಗೆ ಬರುವುದಿಲ್ಲ ಎಂದು ಶೋಭಾ ಹೇಳುವುದರಲ್ಲಿ ಹುರುಳಿದೆ.

ಕೆರೆಕೋಡಿ ಬಾಯ್ಸ್ ಎಂಬುದು ಕೆಂಗೇರಿಯ ತಂಡ. ಉಮೇಶ ಅದರ ಗೋಲು ಕಾಯುವ ಗೋಲಿ, ಕ್ಯಾಪ್ಟನ್, ಜರ್ಸಿ ಒಗೆಸುವವನು, ಎಲ್ಲವೂ. ಬೇಸಿಗೆಯ ಕಪ್ಪನ್ನು ನಾಲ್ಕು ವರ್ಷ ಬಿಡದೆ ಗೆದ್ದಿದ್ದರು. ಈಗ ಐದನೆಯದಕ್ಕೆ ಫೈನಲ್ ಮುಟ್ಟಿದ್ದರು. ಎದುರಾಳಿ ಹೆಗ್ಗನಹಳ್ಳಿಯ ಹುಡುಗರು. ಮೂವತ್ತಾರು ದಾಟಿದ ಉಮೇಶನ ಮಂಡಿಯನ್ನು ಒತ್ತಿ ನೋಡಿದ ಡಾಕ್ಟರು, "ಇನ್ನೊಂದು ಮ್ಯಾಚ್ ಆಡ್ಕೊಳ್ಳಿ, ಆಮೇಲೆ ಸಾಕು," ಎಂದುಬಿಟ್ಟಿದ್ದರು. ಹಾಗಾಗಿ ಫೈನಲ್ಲೇ ಅವನ ಕೊನೆಯ ಆಟ. ಆ ಮಂಡಿ ಊದಿದ್ದು ಹಿಂದಿನ ದಿನ ನಡೆದ ಸೆಮಿಫೈನಲ್ಲಿನಲ್ಲಿ, ಎದುರಾಳಿಯೊಬ್ಬ ಬಂದು ಗುದ್ದಿದಾಗ. ಆಗ ಆ ರೆಫ್ರಿ ವಿಷಲ್ ಊದಿರಲಿಲ್ಲ.

"ಬೇಕು ಅಂತ್ಲೇ ಊದಲ್ಲ ಕಣಪ್ಪ ಅವನು," ಎಂದ ಉಮೇಶ, ಐಸಿನ ಚೀಲ ಸರಿಸುತ್ತ. "ಗೆದ್ದು ಗೆದ್ದು ನಾವು ಎಲ್ರ ಕಣ್ಣಿಗೂ ಬಿದ್ದಿದೀವಿ. ಬೇರೆ ಯಾರಾದ್ರೂ ಗೆಲ್ಲಲಿ ಅಂತ ಎಲ್ರಿಗೂ ಆಸೆ."

ಮಾವನಿಗೆ ಈ ವಾದ ಹಿಡಿಸಲಿಲ್ಲ. "ನಾಲ್ಕು ಸಲ ಕಪ್ ತಂದು ಅಟ್ಟದ ಮೇಲೆ ಇಟ್ಟಿದೀಯ. ಈಗ ರೆಫ್ರಿ ಸರಿಯಿಲ್ಲ ಅಂದ್ರೆ ಯಾವನಯ್ಯಾ ನಂಬ್ತಾನೆ? ಅವನು ಅಷ್ಟು ಕೆಟ್ಟೋನಾಗಿದ್ರೆ ಒಂದು ಸಲಾನಾದ್ರೂ ಸೋಲಿಸ್ತಿರ್ಲಿಲ್ವಾ?"

"ಅಪ್ಪ, ಅವನು ಸೋಲಿಸೋಕೆ ನೋಡ್ತಾನೆ, ಕೈಲಾಗಲ್ಲ!"

"ಅಂದ್ರೆ ಅದಕ್ಕೂ ಪ್ರಯೋಜನ ಇಲ್ದೋನು ಅಂತೀಯ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಇದ್ದರೆ ಅಳಿಯನಿಗೂ ರೆಫರಿಗೂ ಸಂಬಂಧವಿದೆಯೆಂದು ಒಪ್ಪಿಕೊಂಡಂತಾಗುತ್ತಿತ್ತು. ಆದರೂ ರೆಫರಿಯ ಪರವಾಗಿ ಒಂದು ಮಾತನ್ನಾದರೂ ಹೇಳೋಣವೆನಿಸಿ, "ಬೇರೆ ಟೀಮಿನೋರೆಲ್ಲ ಕೆರೆಕೋಡಿ ಮ್ಯಾಚಿದ್ರೆ ಅವನೇ ಬೇಕು ಅಂತ ಕೇಳ್ತಾರಂತೆ. ನ್ಯಾಯವಂತ ಅಂತ ಹೆಸರಿರ್ಬೇಕು," ಎಂದೆ. ಒಳಗೊಳಗೇ ನನಗೆ ಅದೊಂದು ದೊಡ್ಡ ಹೆಮ್ಮೆ. ಸ್ವಂತ ಮಾವನ ಮನೆಯ ತಂಡ ಆಡುವಾಗ ಎದುರಾಳಿಗಳೇ ನನ್ನನ್ನು ಕೇಳಿ ಕರೆಸಿಕೊಳ್ಳುತ್ತಾರೆಂದರೆ!

ಶೋಭಾ ತಟ್ಟೆಯಿಂದ ತಲೆಯೆತ್ತಿ ಹೇಳಿದಳು: "ಕೇಳ್ತಾರೆ, ನಿಜ. ಕೆರೆಕೋಡಿ ಮ್ಯಾಚಿಗೆ ಮಾತ್ರ ಕೇಳ್ತಾರೆ. ಬೇರೆ ಮ್ಯಾಚಿಗೆ ಯಾವತ್ತಾದ್ರೂ ಅವರನ್ನ ಕೇಳಿದಾರಾ? ಯಾಕೆ ಅಂತ ಅವರು ಯೋಚನೆ ಮಾಡಿದಾರಾ?"

ನನ್ನ ಕೈಯ ಮುದ್ದೆ ಸಾರಿನಲ್ಲೇ ನಿಂತಿತು.

ಊಟವಾದ ಮೇಲೆ ಉಮೇಶ ತನ್ನ ಮೊಬೈಲನ್ನು ಟೀವಿಗೆ ಹೊಂದಿಸಿದ. ಹುಡುಗರು ಗೆರೆಯ ಪಕ್ಕದಲ್ಲಿ ನಿಂತು ತೆಗೆದ ಸೆಮಿಫೈನಲ್ಲಿನ ವಿಡಿಯೋ. ಮೈದಾನದಲ್ಲಿ ನಾನು ಓಡುವುದನ್ನು ನಾನು ಎಂದೂ ನೋಡಿರಲಿಲ್ಲ. ನೋಡಬಾರದು ಕೂಡ; ಮದುವೆಮನೆಯಲ್ಲಿ ಚಪ್ಪಲಿ ಕಳೆದುಕೊಂಡವನ ಹಾಗೆ ಓಡುತ್ತೇನೆ. ಕೆರೆಕೋಡಿಯ ಹುಡುಗನೊಬ್ಬ ಎದುರಾಳಿಯ ಭುಜಕ್ಕೆ ಭುಜ ತಗುಲಿಸಿದ. ಟೀವಿಯೊಳಗಿನವನು ತಕ್ಷಣ ಊದಿದ, ಹಳದಿ ಕಾರ್ಡು ತೆಗೆದ, ಕೈಯನ್ನು ಎಷ್ಟು ಮೇಲೆ ಎತ್ತಿದನೆಂದರೆ ಅತ್ತ ನಾಗರಬಾವಿಗೂ ಕಾಣಬೇಕು.

"ಇದನ್ನ ನೋಡು," ಎಂದು ಉಮೇಶ ಮುಂದಕ್ಕೆ ಓಡಿಸಿದ. ಅವನೇ ಚೆಂಡು ಹಿಡಿಯಲು ನೆಗೆದ ಜಾಗ. ಎದುರಾಳಿ ಓಡಿಬಂದು ನೇರ ಅವನ ಮಂಡಿಗೆ ಗುದ್ದಿದ. ಶೋಭಾ ಅಲ್ಲಿ ನಿಲ್ಲಿಸಿದಳು. ಆ ರೆಫ್ರಿ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ಕಣ್ಣು ಅಗಲವಾಗಿ ತೆರೆದಿತ್ತು. ನೋಡುತ್ತಿದ್ದ. ಮತ್ತೆ ಓಡಿಸಿದಳು. ಅವನು ಮುಖವನ್ನು ಅತ್ತ ತಿರುಗಿಸಿ, ಆಟ ನಡೆಯಲಿ ಎಂದು ಕೈ ಬೀಸಿದ.

ಅತ್ತೆ ಎದ್ದು, "ಅಳಿಯಂದ್ರಿಗೆ ಮಜ್ಜಿಗೆ ತರ್ತೀನಿ," ಎಂದು ಒಳಗೆ ಹೋದರು.

ಇಲ್ಲಿ ನಮ್ಮ ಅಜ್ಜಿಯ ವಿಷಯ ಹೇಳಬೇಕು. ನನ್ನ ಬಾಯಲ್ಲಿ ನಾಲ್ಕು ಒಳ್ಳೆಯ ಮಾತು ಬರುವುದಾದರೆ ಅದು ಅವಳಿಂದ ಕಲಿತದ್ದು. ನಾಲ್ಕು ಕೆಟ್ಟ ಮಾತೂ ಅವಳಿಂದಲೇ. ಹಲಸಿನ ಕಾಲದಲ್ಲಿ ವಠಾರದ ಅಂಗಳದಲ್ಲಿ ಗೋಣಿತಾಟು ಹಾಸಿ, ಕೈಗೆ ಎಣ್ಣೆ ಸವರಿಕೊಂಡು ಹಣ್ಣು ಬಿಡಿಸುತ್ತಿದ್ದಳು. ವಠಾರದ ಮಕ್ಕಳೆಲ್ಲ ಸುತ್ತ ಕೂರುತ್ತಿದ್ದೆವು. ದೊಡ್ಡ ತೊಳೆ ಪಕ್ಕದ ಮನೆಯವರಿಗೆ, ನಡುಗಾತ್ರದ್ದು ಎದುರು ಮನೆಯವರಿಗೆ, ಸೊರಗಿದ ತೊಳೆ ನನಗೆ. ನಾನು ಅತ್ತರೆ ಕಿವಿಯ ಹತ್ತಿರ ಬಾಯಿ ತಂದು, "ನೀನು ನನ್ ಮೊಮ್ಮಗ ಕಣೋ. ನಿಂಗೆ ದೊಡ್ಡದು ಕೊಟ್ರೆ ಜನ ಏನಂದಾರು?" ಎನ್ನುತ್ತಿದ್ದಳು. ನಾನು ಕಣ್ಣೊರೆಸಿಕೊಂಡು ಉಬ್ಬುತ್ತಿದ್ದೆ. ಸೊರಗಿದ ತೊಳೆ ಸಿಕ್ಕುವುದೇ ಒಂದು ಪದವಿ ಎಂದುಕೊಂಡಿದ್ದೆ. ವಠಾರದಲ್ಲೆಲ್ಲ ಅಜ್ಜಿಗೆ ಧರ್ಮಾತ್ಮಳೆಂದು ಹೆಸರಿತ್ತು. ಆ ಹೆಸರು ಯಾರ ಪಾಲಿನ ಹಣ್ಣಿನಿಂದ ಬಂದದ್ದು ಎಂಬ ಪ್ರಶ್ನೆ, ಐವತ್ತೊಂದನೆಯ ವಯಸ್ಸಿನಲ್ಲಿ, ಮಜ್ಜಿಗೆಯ ಲೋಟ ಹಿಡಿದುಕೊಂಡು ಉಮೇಶನ ಮಂಡಿಯನ್ನು ನೋಡುತ್ತಿದ್ದಾಗ ನನಗೆ ಮೊದಲ ಸಲ ಹೊಳೆಯಿತು. ನ್ಯಾಯವಂತನೆಂಬ ಹೆಸರು ನನಗೆ, ಗುದ್ದು ಇವನಿಗೆ.

ಕೆಂಗೇರಿ ಉಪನಗರದ ನಮ್ಮ ಮನೆಗೆ ಸ್ಕೂಟರಿನಲ್ಲಿ ವಾಪಸು ಬರುವಾಗ ಶೋಭಾ ಹಿಂದಿನಿಂದ ಹೇಳಿದಳು, "ರೀ, ಈಗ ಇಬ್ಬರೇ ಇದೀವಿ. ನೀವು ಕೆಟ್ಟೋರಲ್ಲ. ನಿಮಗೆ ಹೆದರಿಕೆ, ಅಷ್ಟೆ."

"ಏನು ಹೆದರಿಕೆ ಕಣೇ?"

"ಮಾವನ ಮನೆಯೋರಿಗೆ ಕೊಟ್ಟ ಅಂತಾರೆ ಅನ್ನೋ ಹೆದರಿಕೆ. ಜನ ಅನ್ನೋದಕ್ಕೆ ಮುಂಚೇನೇ ನೀವು ನಮ್ಮೋರಿಂದ ಕಿತ್ಕೊಂಡು ಎದುರಿನೋರಿಗೆ ಕೊಟ್ಬಿಡ್ತೀರ."

ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದದ್ದೂ ನನಗೆ ಕಾಣಲಿಲ್ಲ. ಹಿಂದಿನ ಆಟೋದವನು ನನಗೆ ಕಣ್ಣು ಕಾಣುವುದಿಲ್ಲವೇ ಎಂದು ವಿಚಾರಿಸಿದ. ಅಕ್ಕ ತಮ್ಮ ಸುತ್ತಿ ಬಳಸಿ ಕೇಳಿದ್ದನ್ನು ಸೇರಿಸಿದರೆ, ಅಂದು ಆ ಪ್ರಶ್ನೆ ಕೇಳಿದವರಲ್ಲಿ ಅವನು ಮೂರನೆಯವನು.

ಮಾರನೆಯ ದಿನವೇ ಉಮೇಶನಿಗೆ ಫೋನು ಮಾಡಿ, ಫೈನಲ್ಲಿಗೆ ಬೇರೆ ಯಾರನ್ನಾದರೂ ಹಾಕಲು ಕಮಿಟಿಯವರಿಗೆ ಹೇಳುತ್ತೇನೆ ಎಂದೆ. ಅವನು ಖುಷಿಪಡುತ್ತಾನೆ ಎಂದುಕೊಂಡಿದ್ದೆ.

"ಬೇಡ ಭಾವ," ಎಂದ. "ಬೇರೆಯೋನು ಬಂದು ನಾವು ಗೆದ್ರೆ, ರೆಫ್ರಿ ಬದಲಾಯಿಸ್ಕೊಂಡು ಗೆದ್ರು ಅಂತಾರೆ. ನಂದು ಕೊನೇ ಮ್ಯಾಚು. ಅವನೇ ಬರ್ಲಿ. ಅವನಿಗೆ ಒಂದೇ ಒಂದು ಮಾತು ಹೇಳ್ಬಿಡಿ ಭಾವ. ನಮಗೇನೂ ಕೊಡೋದು ಬೇಡ. ಕಂಡಿದ್ದನ್ನ ಕಂಡಂಗೆ ಊದಲಿ."

"ಹೇಳ್ತೀನಿ ಕಣೋ," ಎಂದೆ. ಹೇಳುವುದು ಸುಲಭ. ಇಷ್ಟು ವರ್ಷ ಒಂದು ಕಡೆಗೆ ವಾಲಿಕೊಂಡು ನಡೆದವನಿಗೆ ನೆಟ್ಟಗೆ ನಡೆದರೆ ಇನ್ನೊಂದು ಕಡೆಗೆ ವಾಲಿದಂತೆಯೇ ಅನ್ನಿಸುತ್ತದೆ. ಆ ವಾರ ಕಾರ್ಖಾನೆಯಲ್ಲಿ ಒಂದೊಂದು ಹಲ್ಲುಚಕ್ರವನ್ನೂ ಎರಡೆರಡು ಸಲ ಅಳೆದೆ.

ಫೈನಲ್ಲಿನ ಸಂಜೆ ಉಪನಗರದ ಮೈದಾನದ ಸುತ್ತ ಮನೆಗಳ ತಾರಸಿಗಳೆಲ್ಲ ತುಂಬಿದ್ದವು. ಹೆಗ್ಗನಹಳ್ಳಿಯವರು ಎರಡು ಟೆಂಪೋದಲ್ಲಿ ತಮಟೆಯ ಸಮೇತ ಬಂದಿದ್ದರು. ಅವರ ಕೋಚ್ ಪುಟ್ಟರಾಜು ನನ್ನ ಕೈ ಕುಲುಕಿ, "ನೀವಿದೀರಲ್ಲ ಸಾರ್, ನಮಗೆ ಯೋಚನೆ ಇಲ್ಲ," ಎಂದರು. ಹೋದ ವರ್ಷವಾಗಿದ್ದರೆ ಆ ಮಾತಿಗೆ ನಾನು ನೆಲದಿಂದ ಒಂದು ಅಡಿ ಮೇಲೆ ನಡೆಯುತ್ತಿದ್ದೆ. ಅಂದು ಕೈ ಬಿಡಿಸಿಕೊಂಡು ಟಾಸಿನ ನಾಣ್ಯ ಹುಡುಕತೊಡಗಿದೆ.

ಇನ್ನೊಂದು ಆಶ್ಚರ್ಯವೆಂದರೆ ಅತ್ತೆ ಬಂದಿದ್ದರು. ಮಗನ ಕೊನೆಯ ಆಟವೆಂದು ಗೆರೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕೊಡೆ ಬಿಚ್ಚಿಕೊಂಡು ಕೂತಿದ್ದರು. ನಾನು ಹತ್ತಿರದಿಂದ ಓಡಿದರೂ ಮುಗುಳ್ನಗೆಯಿಲ್ಲ, ಗುರುತೂ ಇಲ್ಲ. ಐದನೆಯ ನಿಮಿಷಕ್ಕೆ ನಾನು ಕೆರೆಕೋಡಿಯವರ ಮೇಲೆ ಒಂದು ಫೌಲ್ ಊದಿದೆ. ಕೊಡೆ ಎದ್ದು ನಿಂತಿತು.

"ಲೋ ಪೀಪಿ! ಯಾವ ಕಣ್ಣಲ್ಲಿ ನೋಡ್ದೆಯೋ? ನಿನ್ ಮನೇಲಿ ಅಕ್ಕತಂಗೀರು ಇಲ್ವೇನೋ?"

ಇಪ್ಪತ್ತೆರಡು ವರ್ಷದಲ್ಲಿ ಅತ್ತೆ ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅಕ್ಕತಂಗಿಯರಿಗೂ ಫೌಲಿಗೂ ಏನು ಸಂಬಂಧವೋ ನನಗೆ ಇಂದಿಗೂ ತಿಳಿಯದು. ಆದರೆ ಆ ಫೌಲು ಫೌಲೇ ಆಗಿತ್ತು. ಕಂಡಿದ್ದೆ, ಊದಿದ್ದೆ.

ಇಪ್ಪತ್ತನೆಯ ನಿಮಿಷಕ್ಕೆ ಪರೀಕ್ಷೆ ಬಂತು. ಗೋಲಿನ ಮುಂದೆ ಕೆರೆಕೋಡಿಯ ಹುಡುಗನ ಅಂಗಿಯನ್ನು ಹೆಗ್ಗನಹಳ್ಳಿಯವನೊಬ್ಬ ಹಿಂದಿನಿಂದ ಹಿಡಿದು ಜಗ್ಗಿದ. ಹುಡುಗ ಬಿದ್ದ. ವಿಷಲ್ ಬಾಯಲ್ಲಿತ್ತು, ಉಸಿರು ಬರಲಿಲ್ಲ. ಒಂದು ಕ್ಷಣ ನನ್ನ ಕತ್ತು ತಾನಾಗಿಯೇ ಅತ್ತ ತಿರುಗಲು ಹೊರಟಿತು. ಟೀವಿಯಲ್ಲಿ ಕಂಡ ಅದೇ ತಿರುಗುವಿಕೆ. ಕತ್ತನ್ನು ಹಿಡಿದು ನಿಲ್ಲಿಸಿದ ಹಾಗೆ ನಿಂತೆ, ಊದಿದೆ. ಪೆನಾಲ್ಟಿ!

ಮೈದಾನ ಹೊತ್ತಿಕೊಂಡಿತು. "ಸಾರ್, ಮಾವನ ಮನೆ ಊಟ ಜೋರಾಗಿತ್ತಾ?" ಎಂದು ಪುಟ್ಟರಾಜು ಕೂಗಿದರು. "ಗುರು, ಅಳಿಯ ಎದ್ಬಿಟ್ಟ!" ಎಂದು ತಾರಸಿಯಿಂದ ಯಾರೋ. ನಾನು ಇಷ್ಟು ವರ್ಷ ಹೆದರಿಕೊಂಡು ಓಡಾಡಿದ್ದು ಇದೇ ಮಾತಿಗೆ. ಕೊನೆಗೂ ಬಂತು. ಬಂದರೆ ಅಷ್ಟೇನೂ ನೋವಾಗಲಿಲ್ಲ ಎನ್ನುವುದೇ ಸೋಜಿಗ. ಕೆರೆಕೋಡಿಯ ಹುಡುಗ ಓಡಿಬಂದು ಆ ಪೆನಾಲ್ಟಿಯನ್ನು ಎಷ್ಟು ಚೆನ್ನಾಗಿ ಒದೆದನೆಂದರೆ, ಚೆಂಡು ಗೋಲಿನ ಮೇಲಿಂದ, ಬೇವಿನ ಮರದ ಮೇಲಿಂದ ಹಾದು, ಮೂರನೇ ಮನೆಯ ನೀರಿನ ಟ್ಯಾಂಕಿನ ಪಕ್ಕ ಬಿತ್ತು. ಹೆಗ್ಗನಹಳ್ಳಿಯ ತಮಟೆ ಹುಚ್ಚೆದ್ದು ಬಡಿಯಿತು. ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು.

ಅರ್ಧ ಸಮಯದಲ್ಲಿ ಶೋಭಾ ಒಂದು ಎಳನೀರು ತಂದುಕೊಟ್ಟಳು. "ಅಮ್ಮ ಕೊಟ್ಟಿದ್ದು. 'ಅಳಿಯಂದ್ರು ಬಿಸಿಲಲ್ಲಿ ಎಲ್ಲೋ ಇರ್ತಾರೆ, ಹುಡುಕಿ ಕೊಡು' ಅಂದ್ರು."

ಎರಡನೆಯ ಅರ್ಧದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ಕೆರೆಕೋಡಿಯವನೊಬ್ಬ ತಲೆ ಕೊಟ್ಟ. ಗೋಲು. ಅದರಲ್ಲಿ ನನ್ನ ಕೈವಾಡ ಹುಡುಕಲು ಯಾರಿಗೂ ಸಾಧ್ಯವಿರಲಿಲ್ಲ. ಒಂದು ಸೊನ್ನೆ. ಗಡಿಯಾರ ಅಷ್ಟು ನಿಧಾನವಾಗಿ ನಡೆದದ್ದನ್ನು ನಾನು ನೋಡಿಲ್ಲ.

ಕೊನೆಗೆ ಎರಡು ನಿಮಿಷ ಉಳಿದಿತ್ತು. ಹೆಗ್ಗನಹಳ್ಳಿಯ ಹುಡುಗನೊಬ್ಬ ಚೆಂಡು ಕಿತ್ತುಕೊಂಡು ಒಬ್ಬನೇ ನುಗ್ಗಿದ. ನಾನು ಪಕ್ಕದಲ್ಲೇ ಓಡುತ್ತಿದ್ದೆ. ಎದುರಿಗೆ ಉಮೇಶ ಒಬ್ಬನೇ. ಡಾಕ್ಟರು ಇನ್ನು ಸಾಕೆಂದ ಮಂಡಿಯ ಮೇಲೆಯೇ ನೆಲಕ್ಕೆ ಬಿದ್ದು ಕೈ ಚಾಚಿದ. ಇಬ್ಬರೂ ಒಬ್ಬರ ಮೇಲೊಬ್ಬರು ಉರುಳಿದರು. ಚೆಂಡು ಹೊರಳಿ ಹೊರಳಿ ಗೋಲಿನ ಪಕ್ಕದಲ್ಲಿ ಗೆರೆ ದಾಟಿತು. "ಪೆನಾಲ್ಟಿ!" ಎಂದು ಎರಡು ಟೆಂಪೋ ಜನ ಒಂದೇ ಬಾಯಲ್ಲಿ ಕೂಗಿದರು. ಕೆರೆಕೋಡಿಯ ಹುಡುಗರು ಆಗಲೇ ಗೋಲಿನ ಮುಂದಿನಿಂದ ಸರಿಯತೊಡಗಿದರು. ಅವರಿಗೆಲ್ಲ ಗೊತ್ತಿತ್ತು, ಆ ರೆಫ್ರಿ ಇಂಥದ್ದನ್ನು ಎಂದೂ ಬಿಟ್ಟವನಲ್ಲ. ಕೊಟ್ಟರೆ ಉಮೇಶನಿಗೆ ಹಳದಿ ಕಾರ್ಡು, ಪೆನಾಲ್ಟಿ, ಪಂದ್ಯ ಸಮ. ಕೊಟ್ಟರೆ ನನ್ನ ಹೆಸರು ಉಳಿಯುತ್ತಿತ್ತು. ಮೊದಲ ಅರ್ಧದಲ್ಲಿ ಬಿದ್ದ 'ಅಳಿಯ' ಎಂಬ ಕೂಗನ್ನೂ ಒರೆಸಬಹುದಿತ್ತು.

ಆದರೆ ನಾನು ಕಂಡಿದ್ದೆ. ಉಮೇಶನ ಬೆರಳುಗಳು ಮೊದಲು ಚೆಂಡಿಗೆ ತಗುಲಿದ್ದವು. ಚೆಂಡು ದಿಕ್ಕು ಬದಲಿಸಿದ ಮೇಲೆ ಆ ಹುಡುಗನ ಕಾಲು ಇವನ ಭುಜಕ್ಕೆ ಸಿಕ್ಕಿತ್ತು. ಪೆನಾಲ್ಟಿಗೆ ಊದಲಿಲ್ಲ. ಕೈಯನ್ನು ಚಾಚಿ ಮೂಲೆಯ ಬಾವುಟವನ್ನು ತೋರಿಸಿದೆ. ಕಾರ್ನರ್.

ಹೆಗ್ಗನಹಳ್ಳಿಯ ಹನ್ನೊಂದು ಜನವೂ ನನ್ನನ್ನು ಸುತ್ತಿಕೊಂಡರು. ಪುಟ್ಟರಾಜು ಗೆರೆಯ ಮೇಲೆ ನಿಂತು, "ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ ಸಾರ್! ಕಂಪ್ಲೇಂಟ್ ಕೊಡ್ತೀನಿ!" ಎಂದು ಗರ್ಜಿಸಿದರು.

"ಕೊಡಿ ಸಾರ್," ಎಂದೆ. "ನಾನು ನೋಡಿದೀನಿ. ಗೋಲಿ ಕೈ ಮೊದಲು ಬಾಲಿಗೆ ತಗುಲಿದೆ." ಇಷ್ಟು ವರ್ಷದಲ್ಲಿ ಮೈದಾನದಲ್ಲಿ ನಾನು ಆಡಿದ ಅತಿ ಉದ್ದದ ಮಾತು ಅದು.

ಉಮೇಶ ಕುಂಟುತ್ತಲೇ ಎದ್ದು ನಿಂತ. ನನ್ನ ಮುಖವನ್ನು ಒಂದು ಸಲ ನೋಡಿ ಗೋಲಿನ ಕಡೆ ನಡೆದ. ಕಾರ್ನರ್ ಬಂತು. ನೆಗೆದು ಎರಡೂ ಕೈಯಲ್ಲಿ ಚೆಂಡನ್ನು ಅಪ್ಪಿಕೊಂಡು ಬಿದ್ದವನು ಏಳಲೇ ಇಲ್ಲ. ಹಾಗೇ ಮಲಗಿ ನಗುತ್ತಿದ್ದ. ನಾನು ಕೊನೆಯ ವಿಷಲ್ ಊದಿದೆ.

ಆಮೇಲಿನದನ್ನು ಏನು ಹೇಳಲಿ! ಐದನೆಯ ಕಪ್ಪು. ಉಮೇಶನನ್ನು ಹೆಗಲ ಮೇಲೆ ಕೂರಿಸಿಕೊಂಡು ಉಪನಗರದಿಂದ ಹಳೇ ಕೆಂಗೇರಿಯವರೆಗೂ ಮೆರವಣಿಗೆ. ಮಾವ ಬಾಡಿಗೆ ತಮಟೆಯವನ ಕೈಯಿಂದ ಕೋಲು ಕಿತ್ತುಕೊಂಡು ತಾವೇ ಬಡಿದರು. ಅತ್ತೆ ಕೊಡೆಯನ್ನು ಮಡಿಸಿ ಕತ್ತಿಯ ಹಾಗೆ ಮೇಲೆತ್ತಿಕೊಂಡು ಮುಂದೆ ನಡೆದರು. ನಾನು ಕಪ್ಪು ಅಂಗಿಯಲ್ಲೇ, ಎಲ್ಲರಿಗಿಂತ ಹಿಂದೆ, ಸ್ಕೂಟರ್ ತಳ್ಳಿಕೊಂಡು ಹೋದೆ. ರೆಫರಿಗಳು ಮೆರವಣಿಗೆಯಲ್ಲಿ ಹೋಗಬಾರದು ಎಂದು ಯಾವ ನಿಯಮದಲ್ಲಿಯೂ ಬರೆದಿಲ್ಲ. ಬರೆದಿದ್ದರೂ ಅಂದು ನಾನು ಓದುತ್ತಿರಲಿಲ್ಲ. ಗೆದ್ದದ್ದು ಅವರು, ನಿಜ. ಆದರೆ ಅವರ ಹಿಂದೆ ನಡೆದ ಮನುಷ್ಯನೂ ಅಂದು ಏನನ್ನೋ ಗೆದ್ದಿದ್ದ. ಕಂಡದ್ದನ್ನು ಕಂಡೆ ಎನ್ನುವುದು ಇಷ್ಟು ಹಗುರ ಎಂದು ಮೊದಲೇ ಗೊತ್ತಿದ್ದರೆ!

ಕಂಪ್ಲೇಂಟಿಗಾಗಿ ಎರಡು ದಿನ ಕಾದೆ. ಬರಲಿಲ್ಲ. ಮೂರನೆಯ ದಿನ ಪುಟ್ಟರಾಜು ಅವರೇ ಫೋನು ಮಾಡಿದರು. "ಕಂಪ್ಲೇಂಟ್ ಜೊತೆ ಕೊಡೋಣ ಅಂತ ನಮ್ಮ ಹುಡುಗ್ರು ತೆಗೆದ ವಿಡಿಯೋ ಹಾಕಿ ನೋಡಿದ್ವಿ ಸಾರ್. ಹತ್ತು ಸಲ ನೋಡಿದ್ವಿ. ಗೋಲಿ ಕೈ ಮೊದಲು ತಗುಲಿದೆ," ಎಂದರು. ಆಮೇಲೆ, "ಅಂಗಿ ಜಗ್ಗಿದ ಆ ಪೆನಾಲ್ಟೀನೂ ಪೆನಾಲ್ಟೀನೇ," ಎಂದು ಸೇರಿಸಿ ಇಟ್ಟುಬಿಟ್ಟರು.

ಆಯುಧಪೂಜೆ ಕಳೆದ ಮೇಲೆ ಹೆಗ್ಗನಹಳ್ಳಿಯಲ್ಲಿ ಒಂದು ಪಂದ್ಯಾವಳಿ ನಡೆಯಿತು. ಕೆರೆಕೋಡಿ ಬಾಯ್ಸ್ ಅದರಲ್ಲಿ ಆಡಲಿಲ್ಲ. ಫೈನಲ್ಲಿಗೆ ಬಂದವರು ಹೆಗ್ಗನಹಳ್ಳಿಯವರೇ, ಎದುರಿಗೆ ಸುಂಕದಕಟ್ಟೆಯವರು. ಪುಟ್ಟರಾಜು ಫೋನು ಮಾಡಿ ನನ್ನನ್ನು ಕರೆದರು. ಕೆರೆಕೋಡಿ ಇಲ್ಲದ ಮ್ಯಾಚಿಗೆ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಹೋದೆ. ಆಟ ಶುರುವಾದ ನಾಲ್ಕನೆಯ ನಿಮಿಷಕ್ಕೇ ಹೆಗ್ಗನಹಳ್ಳಿಯವರ ಮೇಲೆ ಫೌಲ್ ಊದಿದೆ. ಪುಟ್ಟರಾಜು ಗೆರೆಯ ಆಚೆಯಿಂದ "ಸಾರ್!" ಎಂದು ಎದ್ದು ನಿಂತರು. ಆಮೇಲೆ ಕೂತರು. ಸುಂಕದಕಟ್ಟೆಯ ಹುಡುಗ ಚೆಂಡಿಟ್ಟು ಒದೆದ, ಆಟ ಮುಂದುವರಿಯಿತು.